ಆಟಿಸಂ ಇರುವ ಮಗುವಿಗಾಗಿ ಏನು ಕೇಳಬೇಕು, ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

ಮಗುವಿಗೆ ಆಟಿಸಂ ಇದೆ ಎಂಬ ವರದಿ ಕೈಗೆ ಬಂದ ಮೇಲೆ ತಂದೆತಾಯಿಗಳು ಬರೆದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಮುಂದೇನು? ಯಾರ ಹತ್ತಿರ ಹೋಗಬೇಕು?’ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವಾಗ ಏನಾದರೊಂದು ಬಿಟ್ಟುಹೋಗುತ್ತದೆ. ಹಾಗಾಗಿ ಇಲ್ಲಿ ಎಲ್ಲವನ್ನೂ ಒಟ್ಟಿಗೆ ಬರೆದಿದ್ದೇನೆ.

ಸಹಾಯ ಸಿಗದಿರಲು ಸೇವೆಗಳ ಕೊರತೆ ಒಂದು ಕಾರಣ, ನಿಜ. ಆದರೆ ನಾವು ಕೇಳಿದ್ದು ಏನೆಂದು ಎದುರಿಗಿದ್ದವರಿಗೆ ತಿಳಿಯದೇ ಹೋಗುವುದೂ ಅಷ್ಟೇ ದೊಡ್ಡ ಕಾರಣ. ‘ನಮ್ಮ ಮಗುವಿಗೆ ಆಟಿಸಂ ಇದೆ, ಸ್ವಲ್ಪ ನೋಡಿಕೊಳ್ಳಿ’ ಎಂದರೆ ಶಿಕ್ಷಕಿ ‘ಆಗಲಿ’ ಅನ್ನುತ್ತಾರೆ, ಮನಸಾರೆ ಅನ್ನುತ್ತಾರೆ. ಮರುದಿನ ಬೆಳಿಗ್ಗೆ ತರಗತಿಯಲ್ಲಿ ಏನು ಮಾಡಬೇಕು ಎಂಬುದು ಮಾತ್ರ ಅವರಿಗೆ ಗೊತ್ತಿರುವುದಿಲ್ಲ. ನಾಳೆ ಬೆಳಿಗ್ಗೆ ಒಬ್ಬರು ಮಾಡಿ ಮುಗಿಸಬಹುದಾದ ಕೆಲಸದ ರೂಪದಲ್ಲಿ ಕೇಳುವುದನ್ನು ಕಲಿತರೆ ಅರ್ಧ ದಾರಿ ಸವೆಯಿತು.

ಮುಂದೆ ಎರಡು ಮಾತು ಪದೇಪದೇ ಬರುತ್ತವೆ. ‘ಬೆಂಬಲ ಸೇವೆ’ ಎಂದರೆ ಮಾತಿನ ತರಬೇತಿ, ಶಾಲೆಯಲ್ಲಿ ನೆರವು, ಮನೆಯವರಿಗೆ ತರಬೇತಿ, ವಿಶ್ರಾಂತಿ ಇತ್ಯಾದಿ. ‘ವಕಾಲತ್ತು’ ಎಂದರೆ ಇಲ್ಲಿ ಕೋರ್ಟು ಕಚೇರಿಯಲ್ಲ, ಮಗುವಿನ ಪರ ವಹಿಸಿ ಮಾತಾಡುವುದು. ಆ ಕೆಲಸ ಸದ್ಯಕ್ಕೆ ನಿಮ್ಮದು.

ಶುರು ಮಾಡಲು ಬೇಕಾದ್ದು ಇಷ್ಟೆ: ಒಂದು ನೋಟ್‌ಬುಕ್, ಒಂದು ಫೈಲು, ಮತ್ತು ಭೇಟಿಗಳಿಗೆ ನಿಮ್ಮ ಜೊತೆ ಬರಬಲ್ಲ ಇನ್ನೊಬ್ಬ ವಯಸ್ಕರು. ಮೂರನೆಯದನ್ನು ಹಲವರು ಬಿಟ್ಟುಬಿಡುತ್ತಾರೆ. ಮಾತಾಡುತ್ತಲೇ ಬರೆದುಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ, ಅದೂ ಮಾತು ನಮ್ಮ ಮಗುವಿನದೇ ಆದಾಗ.

1. ವರದಿಯನ್ನು ಬಿಡಿಸಿ ಹೇಳಿಸಿಕೊಳ್ಳಿ

ಮೊದಲು ಕೈಯಲ್ಲಿರುವ ಕಾಗದ ಯಾವುದು ಎಂದು ಖಚಿತಪಡಿಸಿಕೊಳ್ಳಿ. ಸ್ಕ್ರೀನಿಂಗ್ ಎಂದರೆ ಜರಡಿ ಹಿಡಿಯುವುದು. ಡಯಾಗ್ನೋಸಿಸ್ ಎಂದರೆ ಜರಡಿಯಲ್ಲಿ ಉಳಿದದ್ದನ್ನು ಎತ್ತಿ ಪರೀಕ್ಷಿಸಿ ನಿರ್ಣಯಿಸುವುದು. ಎಂ-ಚಾಟ್ ಎಂಬ ಹೆಸರು ನೀವು ಕೇಳಿರಬಹುದು. ಅದು 16ರಿಂದ 30 ತಿಂಗಳ ಮಕ್ಕಳ ಬಗ್ಗೆ ಪಾಲಕರು ಉತ್ತರಿಸುವ 20 ಪ್ರಶ್ನೆಗಳ ಪಟ್ಟಿ, ಅಂದರೆ ಜರಡಿ ಮಾತ್ರ. ಅದರ ಅಂಕ ಹೆಚ್ಚು ಬಂದ ಮಾತ್ರಕ್ಕೆ ಆಟಿಸಂ ಎಂದು ತೀರ್ಮಾನವಾಗುವುದಿಲ್ಲ.

ವರದಿ ಕೊಟ್ಟವರನ್ನು ಇವಿಷ್ಟು ಕೇಳಿ. ಯಾವ ಪರೀಕ್ಷಾ ಸಾಧನ ಬಳಸಿದಿರಿ? ಶ್ರವಣ ಪರೀಕ್ಷೆ ಆಗಿದೆಯೇ? (ಕರೆದರೆ ತಿರುಗದ ಮಗುವಿಗೆ ಕಿವಿಯ ಪರೀಕ್ಷೆ ಮೊದಲು ಆಗಬೇಕು, ಇದನ್ನೇ ಮರೆತ ವರದಿಗಳೂ ಇರುತ್ತವೆ.) ಜೊತೆಗೆ ಅಪಸ್ಮಾರ, ನಿದ್ರೆಯ ತೊಂದರೆ, ಗಮನದ ಕೊರತೆ ಇವುಗಳನ್ನು ನೋಡಿದ್ದೀರಾ? ಮಗುವಿಗೆ ಯಾವುದು ಸುಲಭ, ಯಾವುದಕ್ಕೆ ನೆರವು ಬೇಕು ಎಂದು ಬೇರೆ ಬೇರೆ ಬರೆದಿದ್ದೀರಾ? ಕೊನೆಯ ಪ್ರಶ್ನೆಯ ಉತ್ತರ ವರದಿಯಲ್ಲಿ ಇಲ್ಲದಿದ್ದರೆ ಸೇರಿಸಿಕೊಡಲು ಹೇಳಿ. ಮುಂದೆ ಯಾವ ಶಾಲೆಗೆ, ಯಾವ ಕಚೇರಿಗೆ ಹೋದರೂ ಅವರಿಗೆ ಕೆಲಸಕ್ಕೆ ಬರುವುದು ಆ ಪುಟವೇ.

ವರದಿಯಲ್ಲಿ ‘ಮಟ್ಟ 1’, ‘ಮಟ್ಟ 2’, ‘ಮಟ್ಟ 3’ ಎಂದು ಇರಬಹುದು. ಇದು 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯ ವಿಂಗಡಣೆ. ಎಷ್ಟು ಬೆಂಬಲ ಬೇಕು ಎಂಬುದರ ಅಂದಾಜು ಅದು, ಬುದ್ಧಿಯ ಅಳತೆಯಲ್ಲ, ಹಣೆಬರಹವೂ ಅಲ್ಲ. ‘ಆಸ್ಪರ್ಜರ್’ ಎಂಬ ಹಳೆಯ ಹೆಸರನ್ನು ಅದೇ ಕೈಪಿಡಿ ಆಟಿಸಂ ಎಂಬ ಒಂದೇ ಹೆಸರಿನೊಳಗೆ ಸೇರಿಸಿತು. ಹಾಗಾಗಿ ಹಳೆಯ ವರದಿಯಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಇದ್ದರೆ ಗಾಬರಿ ಬೇಡ.

ಎಡವುವ ಜಾಗ: ಅಂತಿಮ ವರದಿ ಬರುವವರೆಗೆ ಕೈಕಟ್ಟಿ ಕೂರುವುದು. ಸರತಿ ಉದ್ದ ಇರುವ ಕಡೆ ತಿಂಗಳುಗಳೇ ಕಳೆಯುತ್ತವೆ. ಮಾತು ತಡವಾಗಿದೆ ಎಂಬುದಕ್ಕೆ ನೆರವು ಪಡೆಯಲು ಆಟಿಸಂ ಎಂಬ ಪದ ಕಾಗದದ ಮೇಲೆ ಬರಲೇಬೇಕೆಂದಿಲ್ಲ.

2. ಫೈಲು ಕಟ್ಟಿ, ಒಂದು ಪುಟ ಬರೆಯಿರಿ

ಫೈಲಿನ ವಿಷಯ ಸರಳ. ಎಲ್ಲ ಕಾಗದ ತಾರೀಖಿನ ಕ್ರಮದಲ್ಲಿರಲಿ, ಹೊಸದು ಮೇಲೆ. ಮೂಲ ಪ್ರತಿ ಯಾರಿಗೂ ಬಿಟ್ಟುಕೊಡಬೇಡಿ, ನಕಲು ಕೊಡಿ. ಫೋನಿನಲ್ಲಿ ಮಾತಾಡಿದರೆ ಯಾರು, ಯಾವತ್ತು, ಏನು ಹೇಳಿದರು ಎಂದು ನೋಟ್‌ಬುಕ್‌ನಲ್ಲಿ ಒಂದು ಸಾಲು.

ಅದಕ್ಕಿಂತ ಮುಖ್ಯವಾದದ್ದು ಒಂದು ಪುಟದ ಪರಿಚಯ. ಹೊಸ ಶಿಕ್ಷಕಿ, ದಂತವೈದ್ಯರು, ವಾಹನದ ಚಾಲಕ, ಯಾರಿಗೇ ಆಗಲಿ ನಲವತ್ತು ಪುಟದ ವರದಿ ಓದುವ ಪುರುಸೊತ್ತಿಲ್ಲ. ಒಂದು ಪುಟ ಓದುತ್ತಾರೆ. ಅದರಲ್ಲಿ ರೋಗದ ಇತಿಹಾಸ ಬೇಡ. ಮಗು ಯಾವುದರಿಂದ ಖುಷಿಪಡುತ್ತದೆ, ಬೇಕು-ಬೇಡ ಎಂಬುದನ್ನು ಹೇಗೆ ತಿಳಿಸುತ್ತದೆ, ಯಾವುದು ಸಹಿಸಲಾಗದು, ಕಷ್ಟವಾದಾಗ ಮೊದಲು ಕಾಣುವ ಸೂಚನೆ ಏನು, ಆಗ ಏನು ಮಾಡಬೇಕು, ಏನು ಮಾಡಲೇಬಾರದು. ‘ಕಿವಿ ಮುಚ್ಚಿಕೊಂಡರೆ ಸದ್ದು ಜಾಸ್ತಿಯಾಗಿದೆ ಎಂದರ್ಥ. ಹೊರಗೆ ಕರೆದುಕೊಂಡು ಹೋಗಿ. ಭುಜ ಹಿಡಿಯಬೇಡಿ, ಮುಂದೆ ನಡೆಯಿರಿ, ಹಿಂದೆ ಬರುತ್ತಾನೆ’ ಎಂಬಂಥ ವಾಕ್ಯ ಹತ್ತು ವೈದ್ಯಕೀಯ ಪದಗಳಿಗಿಂತ ಉಪಯುಕ್ತ.

3. ಕಷ್ಟವನ್ನು ಬೇಡಿಕೆಯಾಗಿ ಬದಲಿಸಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಎರಡು ವಾರ ಮಗುವನ್ನು ಗಮನಿಸಿ ಬರೆಯಿರಿ. ಕಷ್ಟದ ಘಟನೆ ನಡೆದಾಗಲೆಲ್ಲ ಮೂರು ಕಾಲಂ: ಮುಂಚೆ ಏನು ನಡೆಯುತ್ತಿತ್ತು, ಆಗ ಮಗು ಏನು ಮಾಡಿತು, ಆಮೇಲೆ ಏನಾಯಿತು. ಸಮಯವನ್ನೂ ಬರೆಯಿರಿ. ‘ಇಡೀ ದಿನ ರಗಳೆ’ ಎಂದು ನಿಮಗೆ ಅನ್ನಿಸಿದ್ದು ಬಹಳ ಸಲ ದಿನದ ಎರಡು-ಮೂರು ನಿರ್ದಿಷ್ಟ ಹೊತ್ತಿಗೆ ಇಳಿಯುತ್ತದೆ: ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ, ಗಂಟೆ ಬಾರಿಸುವಾಗ, ಸಾಲಿನಲ್ಲಿ ನಿಲ್ಲುವಾಗ.

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಬೇಕು. ರಚ್ಚೆ ಹಿಡಿದ ಮಗುವಿಗೆ ಏನೋ ಬೇಕಾಗಿರುತ್ತದೆ, ಅದು ಸಿಕ್ಕರೆ ರಚ್ಚೆ ನಿಲ್ಲುತ್ತದೆ, ಯಾರೂ ನೋಡದಿದ್ದರೂ ನಿಲ್ಲಬಹುದು. ಮೆಲ್ಟ್‌ಡೌನ್ ಎನ್ನುವುದು ಬೇರೆ. ಸದ್ದು, ಬೆಳಕು, ಗೊಂದಲ, ದಣಿವು ಎಲ್ಲ ಸೇರಿ ಮಗುವಿಗೆ ತಡೆಯಲಾಗದೆ ಒಡೆದುಹೋಗುವುದು. ಆಗ ಏನು ಕೊಟ್ಟರೂ ನಿಲ್ಲದು, ಗದರಿದರೆ ಹೆಚ್ಚುತ್ತದೆ. ಶಾಲೆಯವರು ಎರಡನೆಯದನ್ನು ಮೊದಲನೆಯದೆಂದು ತಿಳಿದು ಶಿಕ್ಷೆ ಕೊಡುವುದುಂಟು. ನಿಮ್ಮ ಮೂರು ಕಾಲಂನ ಹಾಳೆ ಕೆಲಸ ಮಾಡುವುದು ಅಲ್ಲಿಯೇ. ಸದ್ದು, ಸ್ಪರ್ಶ, ವಾಸನೆಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆ ಪ್ರತಿಕ್ರಿಯಿಸುವುದನ್ನು ಡಿಎಸ್‌ಎಂ-5 ಆಟಿಸಂನ ಲಕ್ಷಣಗಳ ಪಟ್ಟಿಗೇ ಸೇರಿಸಿದೆ. ಅದು ನಿಮ್ಮ ಮುದ್ದಿನ ಫಲ ಎಂದು ಯಾರಾದರೂ ಹೇಳಿದರೆ ಇಷ್ಟು ಉತ್ತರ ಸಾಕು.

ಇನ್ನು ಬೇಡಿಕೆ. ‘ಅವಳಿಗೆ ಪ್ರಾರ್ಥನೆಯ ಹೊತ್ತಿಗೆ ಕಷ್ಟ’ ಎಂಬುದು ದೂರು. ‘ಮೈಕ್ ಹಾಕುವ ಐದು ನಿಮಿಷ ಅವಳು ತರಗತಿಯಲ್ಲೇ ಇರಲಿ’ ಎಂಬುದು ಬೇಡಿಕೆ. ‘ಹೇಳಿದ್ದು ಕೇಳುವುದಿಲ್ಲ’ ಎಂಬುದನ್ನು ‘ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ, ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ, ಆಮೇಲೆ ಮತ್ತೆ ಹೇಳಿ’ ಎಂದು ಮಾಡಿ. ‘ಬದಲಾವಣೆ ಆಗಿಬರುವುದಿಲ್ಲ’ ಎಂಬುದು ‘ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಸಾಲಾಗಿ ಅಂಟಿಸಿ, ಮುಗಿದದ್ದನ್ನು ಅವನೇ ತೆಗೆಯಲಿ’ ಎಂದಾಗಬೇಕು. ಕೈ ಆಡಿಸುವುದು, ತೂಗಾಡುವುದು (ಸ್ಟಿಮಿಂಗ್ ಎನ್ನುತ್ತಾರೆ, ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ರೀತಿ) ಯಾರಿಗೂ ನೋವಾಗದಿದ್ದರೆ ಅದನ್ನು ನಿಲ್ಲಿಸುವ ಬೇಡಿಕೆ ಇಡಲೇಬೇಡಿ. ಇದು ನನ್ನ ಅಭಿಪ್ರಾಯ. ಬೆಳೆದ ಆಟಿಸಂ ವ್ಯಕ್ತಿಗಳು ಬರೆದದ್ದನ್ನು ಓದಿದರೆ ನಿಮಗೂ ಹಾಗೇ ಅನ್ನಿಸೀತು.

ಇಂಥ ಮಾರ್ಪಾಡಿಗೆ ಕಾನೂನಿನ ಭಾಷೆಯಲ್ಲಿ ‘ಸಮಂಜಸ ಹೊಂದಾಣಿಕೆ’ ಎಂಬ ಹೆಸರಿದೆ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ, 2008ರಲ್ಲಿ ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯ 2ನೇ ವಿಧಿ ಇದನ್ನು ವಿವರಿಸುತ್ತದೆ: ಮಿತಿಮೀರಿದ ಹೊರೆಯಾಗದಂತೆ ಮಾಡಬಹುದಾದ, ಅಗತ್ಯವಾದ ಮಾರ್ಪಾಡು. ಅದನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಅದೇ ವಿಧಿ ಹೇಳುತ್ತದೆ. ಎಲ್ಲರೊಡನೆ ಕಲಿಯುವ ಹಕ್ಕು 24ನೇ ವಿಧಿಯಲ್ಲಿದೆ. 180ಕ್ಕೂ ಹೆಚ್ಚು ದೇಶಗಳು ಇದಕ್ಕೆ ಒಪ್ಪಿವೆ. ಪತ್ರದಲ್ಲಿ ನಿಮ್ಮ ದೇಶದ ಕಾಯ್ದೆಯ ಹೆಸರು ಮೊದಲು ಬರಲಿ, ಒಡಂಬಡಿಕೆ ಅದರ ಬೆನ್ನಿಗಿರಲಿ.

4. ಯಾವ ಕೆಲಸಕ್ಕೆ ಯಾರು

ಮಾತು ಮತ್ತು ಸಂವಹನಕ್ಕೆ ವಾಕ್ ಚಿಕಿತ್ಸಕರು. ಬಟ್ಟೆ ಹಾಕಿಕೊಳ್ಳುವುದು, ಬರೆಯುವುದು, ಸದ್ದು-ಸ್ಪರ್ಶದ ತೊಂದರೆ ಇವಕ್ಕೆ ಆಕ್ಯುಪೇಷನಲ್ ಥೆರಪಿಸ್ಟ್, ಎಲ್ಲರೂ ‘ಓಟಿ’ ಎನ್ನುವವರು. ಕಲಿಕೆಯ ಯೋಜನೆಗೆ ವಿಶೇಷ ಶಿಕ್ಷಕರು. ಆತಂಕ, ನಡವಳಿಕೆಗೆ ಮನಶ್ಶಾಸ್ತ್ರಜ್ಞರು. ಫಿಟ್ಸ್ ಇದ್ದರೆ ಮಕ್ಕಳ ನರರೋಗ ತಜ್ಞರು. ಯೋಜನೆ, ಪ್ರಮಾಣಪತ್ರ, ನೆರವಿನ ದಾರಿಗಳನ್ನು ಬಲ್ಲವರು ಸಮಾಜ ಕಾರ್ಯಕರ್ತರು. ಆಸ್ಪತ್ರೆಯಲ್ಲಿ ಅವರಿದ್ದರೆ ವೈದ್ಯರಿಗಿಂತ ಮೊದಲು ಅವರನ್ನು ಹುಡುಕಿ ಎನ್ನುವಷ್ಟು ಧೈರ್ಯ ನನಗಿದೆ.

ಯಾರ ಹತ್ತಿರವೇ ಸೇರಿಸಿ, ಮೂರು ತಿಂಗಳಲ್ಲಿ ಏನು ಬದಲಾಗಬೇಕು, ಅದನ್ನು ಹೇಗೆ ಅಳೆಯುತ್ತೀರಿ, ನಾನು ಕೋಣೆಯೊಳಗೆ ಕೂತು ನೋಡಬಹುದೇ ಎಂದು ಕೇಳಿ. ಮೂರನೆಯದಕ್ಕೆ ಸದಾ ‘ಬೇಡ’ ಎಂದೇ ಉತ್ತರ ಬಂದರೆ ಬೇರೆ ಬಾಗಿಲು ನೋಡಿ. ವಾರಕ್ಕೆ ಒಂದೆರಡು ಗಂಟೆ ಅವರು ಮಾಡಿದ್ದನ್ನು ಉಳಿದ ಹೊತ್ತು ಮಾಡಬೇಕಾದವರು ನೀವು.

ಇನ್ನೂ ಮಾತಾಡದ ಮಗುವಿಗೆ ಎಎಸಿ ಕೇಳಿ. ಎಎಸಿ ಎಂದರೆ ಬಾಯಿಮಾತಿನ ಬದಲು ಅಥವಾ ಅದರ ಜೊತೆಗೆ ಬಳಸುವ ಸಂವಹನ ಸಾಧನ: ಚಿತ್ರದ ಕಾರ್ಡು, ಸನ್ನೆ, ಮುಟ್ಟಿದರೆ ಮಾತಾಡುವ ಟ್ಯಾಬ್ಲೆಟ್. ‘ಅದು ರೂಢಿಯಾದರೆ ಮಾತೇ ಬರುವುದಿಲ್ಲ’ ಎಂಬ ಹೆದರಿಕೆ ಎಲ್ಲೆಡೆ ಇದೆ. ಸಂಶೋಧನೆಗಳು ಅದನ್ನು ಸಮರ್ಥಿಸುವುದಿಲ್ಲ. ಎಎಸಿ ಮಾತನ್ನು ತಡೆಯುವುದಿಲ್ಲ, ಹಲವು ಮಕ್ಕಳಲ್ಲಿ ಮಾತು ಹೆಚ್ಚಿದ್ದೂ ಕಂಡಿದೆ. ಮಾತು ಬರಲಿ ಎಂದು ಕಾಯುತ್ತ ಮಗುವನ್ನು ಮೂಕವಾಗಿ ಇರಿಸುವುದಕ್ಕಿಂತ ಇದು ಎಷ್ಟೋ ಮೇಲು.

5. ಬರೆದು ಕೇಳಿ, ಸಭೆ ಮುಗಿದ ಮೇಲೂ ಬರೆಯಿರಿ

ಪತ್ರ ಒಂದು ಪುಟ ಮೀರದಿರಲಿ. ಮಗುವಿನ ಹೆಸರು, ತರಗತಿ, ಮೂರು ಬೇಡಿಕೆ, ಪ್ರತಿಯೊಂದಕ್ಕೂ ಒಂದು ಸಾಲಿನ ಕಾರಣ, ಯಾವ ತಾರೀಖಿನೊಳಗೆ ಉತ್ತರ ಬೇಕು. ಹನ್ನೆರಡು ಬೇಡಿಕೆ ಇಟ್ಟರೆ ಅವರಿಗೆ ಸುಲಭವಾದ ಎರಡನ್ನು ಒಪ್ಪಿ ಕೈತೊಳೆದುಕೊಳ್ಳುತ್ತಾರೆ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ, ಅಂದರೆ ನಿಮ್ಮ ನಕಲಿನ ಮೇಲೆ ಅವರ ಸಹಿ, ತಾರೀಖು. ಇಮೇಲ್ ಆದರೆ ಆ ಚಿಂತೆಯಿಲ್ಲ.

ಸಭೆಯಲ್ಲಿ ಮಗುವಿನ ಬಗ್ಗೆ ಮೊದಲ ಮಾತು ಅದಕ್ಕೆ ಚೆನ್ನಾಗಿ ಬರುವ ಒಂದು ಸಂಗತಿಯಾಗಿರಲಿ. ಇದು ಬರೀ ಸೌಜನ್ಯವಲ್ಲ. ಕೊರತೆಯ ಪಟ್ಟಿಯಿಂದ ಶುರುವಾದ ಸಭೆ ‘ಇಂಥ ಮಗುವಿಗೆ ನಮ್ಮಲ್ಲಿ ಕಷ್ಟ’ ಎಂಬಲ್ಲಿಗೆ ಬಂದು ನಿಲ್ಲುವುದು ಸುಲಭ. ಹಾಗೆ ಹೇಳಿದರೆ ವಾದಕ್ಕೆ ಇಳಿಯಬೇಡಿ. ‘ನಿಮ್ಮ ಈ ತೀರ್ಮಾನವನ್ನು, ಕಾರಣ ಸಮೇತ, ಬರಹದಲ್ಲಿ ಕೊಡಿ’ ಎನ್ನಿ. ಬಾಯಲ್ಲಿ ಸಲೀಸಾಗಿ ಆಡಿದ ಎಷ್ಟೋ ನಿರಾಕರಣೆಗಳು ಕಾಗದಕ್ಕೆ ಇಳಿಯಲು ಹಿಂಜರಿಯುತ್ತವೆ.

ಸಭೆಯಲ್ಲೇ ಸಹಿ ಮಾಡಬೇಡಿ. ‘ಮನೆಗೆ ಒಯ್ದು ಓದಿ ಕೊಡುತ್ತೇನೆ’ ಎಂದರೆ ಯಾರೂ ತಪ್ಪು ತಿಳಿಯಬೇಕಿಲ್ಲ. ಮರುದಿನವೇ ‘ನಿನ್ನೆ ಒಪ್ಪಿದ್ದು ಇವು: ಯಾರು, ಏನು, ಯಾವಾಗಿನಿಂದ. ತಪ್ಪಿದ್ದರೆ ತಿಳಿಸಿ’ ಎಂದು ಬರೆದು ಕಳಿಸಿ. ಆರು ವಾರದ ನಂತರದ ಒಂದು ದಿನ ಅದರಲ್ಲೇ ಗೊತ್ತು ಮಾಡಿ.

ಮಗುವಿನ ಪಕ್ಕ ಕೂತು ನೆರವಾಗುವ ಸಹಾಯಕರನ್ನು (‘ಶಾಡೋ’ ಎಂದು ಕರೆಯುತ್ತಾರೆ) ಕೇಳುವುದಾದರೆ ಎಚ್ಚರ. ಕೆಲವು ಕಡೆ ಅವರು ಬಂದ ಮೇಲೆ ಶಿಕ್ಷಕರು ಮಗುವಿನ ಜೊತೆ ಮಾತೇ ಬಿಡುತ್ತಾರೆ. ಯಾವ ಹೊತ್ತಿಗೆ ಬೇಕು, ಯಾವ ಹೊತ್ತಿಗೆ ಸರಿದು ನಿಲ್ಲಬೇಕು ಎಂಬುದನ್ನೂ ಬರೆಸಿ.

ಉತ್ತರ ಬರದಿದ್ದರೆ ಒಂದೊಂದೇ ಮೆಟ್ಟಿಲು ಹತ್ತಿ: ತರಗತಿ ಶಿಕ್ಷಕರು, ಮುಖ್ಯಸ್ಥರು, ಅವರ ಮೇಲಿನ ಆಡಳಿತ, ಕೊನೆಗೆ ನಿಮ್ಮಲ್ಲಿ ಅಂಗವಿಕಲರ ಹಕ್ಕುಗಳ ದೂರು ಕೇಳುವ ಅಧಿಕಾರಿ. ಪ್ರತಿ ಮೆಟ್ಟಿಲಲ್ಲೂ ಹಿಂದಿನ ಪತ್ರದ ನಕಲು ಲಗತ್ತಿಸಿ. ನೇರವಾಗಿ ಮೇಲಕ್ಕೆ ಹೋದರೆ ‘ಕೆಳಗೆ ಕೇಳಿದ್ದೀರಾ?’ ಎಂದು ವಾಪಸು ಕಳಿಸುತ್ತಾರೆ.

6. ‘ಗುಣಪಡಿಸುತ್ತೇವೆ’ ಎನ್ನುವವರಿಂದ ದೂರ

ಆಟಿಸಂನ ಮೂಲ ಲಕ್ಷಣಗಳನ್ನು ಹೋಗಲಾಡಿಸುವ ಔಷಧಿ ಇಲ್ಲ. ವಿಪರೀತ ಸಿಡುಕು, ನಿದ್ರೆ, ಫಿಟ್ಸ್ ಮುಂತಾದವಕ್ಕೆ ವೈದ್ಯರು ಔಷಧಿ ಕೊಡಬಹುದು, ಅದು ಬೇರೆ ಮಾತು.

ದೇಹದಿಂದ ಲೋಹ ತೆಗೆಯುತ್ತೇವೆ ಎನ್ನುವ ಕೀಲೇಷನ್ ಚಿಕಿತ್ಸೆಯಿಂದ 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಮಗು ಸತ್ತಿತು. ‘ಪವಾಡದ ದ್ರಾವಣ’ ಎಂದು ಮಾರುವ ಕ್ಲೋರಿನ್ ಡೈಆಕ್ಸೈಡ್ ಬ್ಲೀಚಿಂಗ್‌ಗೆ ಬಳಸುವ ರಾಸಾಯನಿಕ. ಕುಡಿಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಮತ್ತೊಮ್ಮೆ ಎಚ್ಚರಿಸಿತು. ಮಗುವಿನ ಕೈ ಹಿಡಿದು ಬೇರೆಯವರು ಅಕ್ಷರ ಒತ್ತಿಸುವ ‘ಫೆಸಿಲಿಟೇಟೆಡ್ ಕಮ್ಯುನಿಕೇಷನ್’ ಮೇಲೆ ಹೇಳಿದ ಎಎಸಿ ಅಲ್ಲ. ಪರೀಕ್ಷಿಸಿ ನೋಡಿದಾಗ ಆ ಮಾತುಗಳು ಕೈ ಹಿಡಿದವರದೇ ಎಂದು ಗೊತ್ತಾಯಿತು.

ಲಸಿಕೆಯ ಪ್ರಶ್ನೆ ಈಗಲೂ ಬರುತ್ತದೆ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ) ಲಸಿಕೆಗೂ ಆಟಿಸಂಗೂ ನಂಟು ಹಚ್ಚಿದ 1998ರ ಲೇಖನ ಕೇವಲ 12 ಮಕ್ಕಳನ್ನು ಕುರಿತದ್ದು. ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. 2019ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಅಧ್ಯಯನ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನೋಡಿ, ಅಂಥ ನಂಟಿಲ್ಲ ಎಂದಿತು. ತಮ್ಮ-ತಂಗಿಯರ ಲಸಿಕೆ ನಿಲ್ಲಿಸಬೇಡಿ.

ಹೊಸ ಚಿಕಿತ್ಸೆ ಯಾರಾದರೂ ಹೇಳಿದರೆ ಮೂರು ಗುರುತು ನೋಡಿ: ಎಲ್ಲ ಮಕ್ಕಳಿಗೂ ಒಂದೇ ಮದ್ದು, ಪುರಾವೆ ಎಂದರೆ ಪಾಲಕರ ವಿಡಿಯೊ ಮಾತ್ರ, ‘ಈ ವಾರವೇ ಸೇರಿ’ ಎಂಬ ಅವಸರ. ಮೂರರಲ್ಲಿ ಒಂದಿದ್ದರೂ ಎದ್ದು ಬನ್ನಿ.

7. ಕೇಳಲು ಮರೆಯುವ ಎರಡು ಸಂಗತಿ

ಒಂದು, ತಪ್ಪಿಸಿಕೊಂಡು ಹೋಗುವುದು. 2012ರ ಒಂದು ಅಮೆರಿಕದ ಅಧ್ಯಯನದಲ್ಲಿ ಆಟಿಸಂ ಮಕ್ಕಳ ಪಾಲಕರ ಪೈಕಿ ಸುಮಾರು ಅರ್ಧದಷ್ಟು ಜನ, ನಾಲ್ಕು ವರ್ಷ ದಾಟಿದ ಮೇಲೂ ಮಗು ಒಮ್ಮೆಯಾದರೂ ಹೀಗೆ ಹೋಗಲು ಪ್ರಯತ್ನಿಸಿದೆ ಎಂದರು. ಇಂಥ ಸಂದರ್ಭದಲ್ಲಿ ದೊಡ್ಡ ಅಪಾಯ ನೀರು. ಶಾಲೆಯಲ್ಲಿ ಗೇಟು ಯಾರ ಜವಾಬ್ದಾರಿ, ಮಗು ಕಾಣದಿದ್ದರೆ ಎಷ್ಟು ನಿಮಿಷದಲ್ಲಿ ಯಾರಿಗೆ ಫೋನು ಎಂದು ಬರಹದಲ್ಲಿ ಕೇಳಿ. ಮಗು ಕಳೆದರೆ ಮೊದಲು ಹತ್ತಿರದ ಕೆರೆ, ಬಾವಿ, ಈಜುಕೊಳದ ಕಡೆ ಓಡಿ, ರಸ್ತೆ ಆಮೇಲೆ. ಈಜು ಕಲಿಸುವುದನ್ನು ನಾನು ಥೆರಪಿಯ ಪಟ್ಟಿಯಲ್ಲೇ ಸೇರಿಸುತ್ತೇನೆ.

ಎರಡು, ನಿಮಗಾಗಿ ಕೇಳುವುದು. ಆಟಿಸಂಗೆ ತಾಯಿಯ ತಣ್ಣನೆಯ ಸ್ವಭಾವ ಕಾರಣ ಎಂದು ತಜ್ಞರೇ ಹೇಳುತ್ತಿದ್ದ ಕಾಲವೊಂದಿತ್ತು. 1964ರಲ್ಲಿ ಅದನ್ನು ಎದುರಿಸಿ ಬರೆದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್ ಸ್ವತಃ ಆಟಿಸಂ ಇದ್ದ ಮಗನ ತಂದೆ. ಬ್ರಿಟನ್‌ನಲ್ಲಿ 1962ರಲ್ಲಿ, ಅಮೆರಿಕದಲ್ಲಿ 1965ರಲ್ಲಿ ಮೊದಲ ಸಂಘಗಳನ್ನು ಕಟ್ಟುವುದರಲ್ಲಿ ಮುಂದೆ ನಿಂತವರೂ ಪಾಲಕರೇ. ಆ ಸಿದ್ಧಾಂತ ಬಿದ್ದುಹೋಗಿದೆ, ಮನೆಗಳಲ್ಲಿ ಅದರ ಪಿಸುಮಾತು ಮಾತ್ರ ಉಳಿದಿದೆ. ನಿಮ್ಮ ತಪ್ಪಿನಿಂದ ಆದದ್ದಲ್ಲ. ಆದ್ದರಿಂದ ಪ್ರಾಯಶ್ಚಿತ್ತದಂತೆ ಹಗಲುರಾತ್ರಿ ದುಡಿಯುವ ಅಗತ್ಯವೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಪಾಲಕರ ಕೌಶಲ ತರಬೇತಿ ಇದೆ. 2ರಿಂದ 9 ವರ್ಷದ ಮಕ್ಕಳ ಮನೆಯವರಿಗೆ 9 ಗುಂಪು ತರಗತಿ, 3 ಮನೆಭೇಟಿ. ನಿಮ್ಮ ಹತ್ತಿರದ ಕೇಂದ್ರದಲ್ಲಿ ನಡೆಸುತ್ತಾರೆಯೇ ಎಂದು ಆ ಹೆಸರಿನಲ್ಲೇ ವಿಚಾರಿಸಿ. ‘ರೆಸ್ಪೈಟ್’ ಎಂಬ ಪದವೂ ಗೊತ್ತಿರಲಿ: ಪಾಲಕರಿಗೆ ಬಿಡುವು ಸಿಗಲೆಂದು ತರಬೇತಾದವರು ಕೆಲವು ಗಂಟೆ ಅಥವಾ ದಿನ ಮಗುವನ್ನು ನೋಡಿಕೊಳ್ಳುವ ಸೇವೆ. ಅದು ಇಲ್ಲದ ಕಡೆ ಎರಡು ಕುಟುಂಬಗಳು ಸರದಿಯಲ್ಲಿ ಮಾಡಿಕೊಂಡದ್ದನ್ನು ಕಂಡಿದ್ದೇನೆ. ಒಡಹುಟ್ಟಿದವರಿಗೂ ವಾರದಲ್ಲಿ ಒಂದು ಗಂಟೆ ಪೂರ್ತಿ ಅವರದೇ ಆಗಿರಲಿ.

8. ಮೆಲ್ಲಗೆ ಮಗುವಿಗೇ ಬಿಟ್ಟುಕೊಡಿ

ಮೇಲೆ ಹೇಳಿದ ವಿಶ್ವಸಂಸ್ಥೆಯ ಒಡಂಬಡಿಕೆಯ 7ನೇ ವಿಧಿ, ಅಂಗವಿಕಲ ಮಗುವಿಗೆ ತನ್ನ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕಿದೆ, ಹೇಳಲು ಬೇಕಾದ ನೆರವೂ ಸಿಗಬೇಕು ಎನ್ನುತ್ತದೆ. ಮಾತಾಡದ ಮಗುವೂ ಇದರಲ್ಲಿ ಸೇರಿದೆ. ಎರಡು ಚಿತ್ರ ಮುಂದಿಟ್ಟು ಆರಿಸಲು ಬಿಡುವುದರಿಂದ ಶುರುಮಾಡಿ. ‘ಬೇಡ’ ಎನ್ನುವುದನ್ನು ಮೊದಲು ಕಲಿಸಿ, ಅದಕ್ಕೆ ಬೆಲೆ ಕೊಡಿ. ತನ್ನ ದೇಹದ ಮೇಲೆ ಕೈಹಾಕುವವರಿಗೆ ‘ಬೇಡ’ ಎನ್ನಲು ಬರಬೇಕಾದ ಮಗು ಇದು. ಕಷ್ಟದ ಗಳಿಗೆಯ ವಿಡಿಯೊ ತಜ್ಞರಿಗೆ ತೋರಿಸಲು ಮಾತ್ರ ಇಟ್ಟುಕೊಳ್ಳಿ. ಜಾಲತಾಣಕ್ಕೆ ಏರಿಸಿದರೆ ಮುಂದೊಂದು ದಿನ ಅದನ್ನು ನೋಡುವವರಲ್ಲಿ ಆ ಮಗುವೂ ಒಬ್ಬರು.

ವಯಸ್ಕರಾದ ಮೇಲಿನ ಪ್ರಶ್ನೆಗಳಿಗೆ, ಅಂದರೆ ಕೆಲಸ, ವಾಸ, ಹಣಕಾಸಿನ ನಿರ್ಧಾರ ಇವಕ್ಕೆ, ಹದಿನಾಲ್ಕರ ಹೊತ್ತಿಗೇ ತಯಾರಿ ಶುರುವಾಗಲಿ. ಮಕ್ಕಳ ಸೇವೆಗಳು ನಿಲ್ಲುವ ವಯಸ್ಸು ಯಾವುದು, ಆ ದಿನದ ನಂತರ ಯಾರು ಎಂದು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಎರಡನೇ ಹಂತದಲ್ಲಿ ಬರೆದ ಆ ಒಂದು ಪುಟವನ್ನು ಆರು ತಿಂಗಳಿಗೊಮ್ಮೆ ಹೊಸದಾಗಿ ಬರೆಯಿರಿ. ಬರೆಯುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಓದಿ ಹೇಳಿ, ಚಿತ್ರದಲ್ಲಿ ತೋರಿಸಿ. ತಪ್ಪೆನಿಸಿದ ಸಾಲನ್ನು ಹೊಡೆದುಹಾಕಲು ಪೆನ್ನು ಅದರ ಕೈಗೇ ಕೊಡಿ. ‘ಅವನಿಗೆ ಸದ್ದು ಆಗುವುದಿಲ್ಲ’ ಎಂದು ನೀವು ಬರೆದದ್ದು ಒಂದು ಸಲ ‘ನನಗೆ ಮಿಕ್ಸಿ ಸದ್ದು ಆಗುವುದಿಲ್ಲ, ಡೋಲು ಇಷ್ಟ’ ಎಂದು ಬದಲಾಗಬಹುದು. ಶಾಲೆಗೆ ಆ ಪ್ರತಿಯನ್ನೇ ಕಳಿಸಿ.